ಮೊಟ್ಟೆಯ ಪ್ರೋಟೀನ್ ಬೇರ್ಪಡಿಸಲು ಕುದಿ, ಉಪ್ಪು, ನೊರೆ: ನಾವು ಮಾಡಿ ನೋಡಿದ್ದು

ಮಗಳು ಪ್ಲಸ್ ಟು. ಶಾಲೆಗಳ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವಕ್ಕೆ ನೀರಿನಿಂದ ಪ್ರೋಟೀನ್ ತೆಗೆದು ತೋರಿಸಬೇಕಿತ್ತು. "ಮೊಟ್ಟೆ ಒಳಗೆ ತರ್ಬೇಡ ಮಾರಾಯ್ತಿ" ಅಂದರು ಅತ್ತೆ. ಹಾಗಾಗಿ ಬದಿಯಡ್ಕದ ನಮ್ಮ ಮನೆಯ ಬಚ್ಚಲೇ ಲ್ಯಾಬ್ ಆಯಿತು. ಒಂದು ಮೊಟ್ಟೆಯ ಬಿಳಿಗೆ ಒಂದು ಲೀಟರ್ ನೀರು ಬೆರೆಸಿ, ಕಾಣಿಸಿಕೊಂಡ ಬಿಳಿ ಎಳೆಗಳನ್ನು ಬಟ್ಟೆಯಲ್ಲಿ ಸೋಸಿದೆವು.

ಕುದಿಸುವುದು ಸುಲಭ. ಲಿಂಬೆ ಹನಿ ಹಾಕಿ ಕಾಯಿಸಿದರೆ ಹೆಪ್ಪುಗಟ್ಟುತ್ತದೆ, ಸೋಸಿದರೆ ಮುಗಿಯಿತು. ಆದರೆ ಬೆಂದ ಮೊಟ್ಟೆ ಮತ್ತೆ ಹಸಿ ಆಗುವುದಿಲ್ಲ, ಅಲ್ವಾ?

ಎರಡನೆಯದು ಉಪ್ಪು, ಅಂದರೆ ಅಮೋನಿಯಂ ಸಲ್ಫೇಟ್. ತೋಟಕ್ಕೆ ಹಾಕುವುದೂ ಅದೇ, ನಾವು ತಂದದ್ದು ಲ್ಯಾಬಿನ ಶುದ್ಧ ಪುಡಿ. ನೀರು ಕರಗಿಸಿಕೊಳ್ಳಬಲ್ಲ ಉಪ್ಪಿನ ಅರ್ಧದಷ್ಟು (ಅರ್ಧ ಸ್ಯಾಚುರೇಷನ್) ಹಾಕಿದರೆ ಗ್ಲೋಬ್ಯುಲಿನ್ ಎಂಬ ಪ್ರೋಟೀನ್‌ಗಳು ತಳಕ್ಕೆ ಇಳಿಯುತ್ತವೆ, ಇನ್ನೂ ಹಾಕಿದರೆ ಆಲ್ಬುಮಿನ್ ಎಂಬವು. ಹೀಗೆ ಒಂದೊಂದಾಗಿ ಬಿಡಿಸುವ ಗುಣ ಬೇರೆರಡಕ್ಕೆ ಇಷ್ಟಿಲ್ಲ. ಆದರೆ 80 ಶೇಕಡಾ ಮುಟ್ಟಲು ಲೀಟರಿಗೆ ಸುಮಾರು 560 ಗ್ರಾಂ ಬೇಕು! ಆಮೇಲೆ ಪರೀಕ್ಷೆ. ಅಡಿಕೆಗೆ ಹೊಡೆಯುವ ಮೈಲುತುತ್ತೂ ಕಾಸ್ಟಿಕ್ ಸೋಡಾವೂ ಸೇರಿದರೆ ಪ್ರೋಟೀನ್ ನೇರಳೆ ಆಗಬೇಕು. ನಮ್ಮದು ಕಡುನೀಲಿ ಆಯಿತು, ಮೂಗಿಗೆ ಅಮೋನಿಯಾ ಘಾಟು ಹೊಡೆಯಿತು. ಉಳಿದ ಉಪ್ಪಿನದೇ ಕೆಲಸ. ಉಪ್ಪನ್ನು ಹೊರಬಿಟ್ಟು ಪ್ರೋಟೀನನ್ನು ಒಳಗೇ ಹಿಡಿಯುವ ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ನೀರು ಬದಲಿಸಿದ ಮೇಲೆಯೇ ನೇರಳೆ ಕಂಡಿತು.

ಮೂರನೆಯದು ನೊರೆ. ಅದಕ್ಕೆ ಬೇಕಾದದ್ದು ಒಂದು ಮೀಟರ್ ಉದ್ದದ ಪಾರದರ್ಶಕ ಕೊಳವೆ, ಮೀನಿನ ತೊಟ್ಟಿಯ ಪಂಪು, ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ಗಾಳಿಕಲ್ಲು ಅಷ್ಟೇ. ಪ್ರೋಟೀನ್ ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರುತ್ತದೆ. ಬೇಳೆ ಬೇಯುವಾಗ ಉಕ್ಕುವ ನೊರೆ ನೋಡಿಲ್ಲವಾ, ಹಾಗೆ. ಲಿಂಬೆರಸದಿಂದ ಪಿಎಚ್ (ಹುಳಿಯ ಅಳತೆ) 4.5ರ ಹತ್ತಿರ ತಂದೆವು. ಮೊಟ್ಟೆಯ ಬಿಳಿಯ ಮುಖ್ಯ ಪ್ರೋಟೀನ್ ಓವಾಲ್ಬುಮಿನ್‌ನ ಧನ, ಋಣ ವಿದ್ಯುದಂಶ ಅಲ್ಲಿ ಸರಿಸಮವಾಗಿ ನೊರೆ ಗಟ್ಟಿಯಾಗುತ್ತದೆ. ಮೊದಲು ಗಾಳಿ ಜೋರು ಬಿಟ್ಟೆವು. ಸೋಪಿನ ನೊರೆಯಂತೆ ಸುರಿಯಿತು, ಕರಗಿದರೆ ಬರೀ ನೀರು. ವಾಲ್ವ್ ತಿರುಗಿಸಿ ನಿಧಾನ ಮಾಡಿದಾಗ ಮಜಾ ಶುರು. ನೀರು ಕೆಳಗೆ ಇಳಿಯುತ್ತಾ, ದುಂಡಗಿದ್ದ ಗುಳ್ಳೆಗಳು ಜೇನುಗೂಡಿನಂತೆ ಮೂಲೆಮೂಲೆಯಾದವು. ಅರ್ಧ ಲೀಟರಿನಿಂದ ಸಿಕ್ಕಿದ್ದು ಒಂದು ಸಣ್ಣ ಲೋಟ. ನೇರಳೆ ಮಾತ್ರ ಕಡು.

ದೂರು ಇಲ್ಲವೆಂದಲ್ಲ. ಒಂದಷ್ಟು ಪ್ರೋಟೀನ್ ಕೊಳವೆಯಲ್ಲೇ ಉಳಿಯಿತು. ಗುಳ್ಳೆಯ ಮೈಯಲ್ಲಿ ಹರಡಿ ಕೆಟ್ಟದ್ದು ಬಿಳಿ ಚೂರುಗಳಾಗಿ ತೇಲಿತು. ಸಂಜೆಯ ಗುಡುಗಿಗೆ ಕರೆಂಟ್ ಹೋದಾಗ ನೊರೆಯೆಲ್ಲ ಕುಸಿಯಿತು.

ತೆಳುವಾದ ನೀರು ಬಹಳ ಇದ್ದರೆ ನಾನು ನೊರೆಯನ್ನೇ ಹಿಡಿಯುತ್ತೇನೆ. ಒಂದೇ ಪ್ರೋಟೀನ್ ಬೇಕಿದ್ದರೆ, ನೊರೆಯಲ್ಲಿ ಗಟ್ಟಿ ಮಾಡಿ ಆಮೇಲೆ ಉಪ್ಪು. ಆಗ ಉಪ್ಪೂ ಕಡಿಮೆ ಸಾಕು. ಮಗಳು ಕೊಳವೆ ಒಯ್ದಳು, ಜೊತೆಗೆ ಬ್ಯಾಟರಿ ಪಂಪು.