ಶಿವಮೊಗ್ಗ ದುರ್ಗಿಗುಡಿಯ ಲ್ಯಾಬು: ಸೂಜಿಗೆ ಐದು ಸ್ಟಾರ್, ಕೌಂಟರಿಗೆ ಒಂದು

ನನಗೆ 61. ಎಚ್‌ಐವಿ ಮಾತ್ರೆ ಶುರುವಾಗಿ 17 ವರ್ಷ. ವೈರಸ್ ಹಿಡಿತದಲ್ಲಿದೆ, ಈಗ ಡಾಕ್ಟರ ಕಣ್ಣು ಹೃದಯದ ಮೇಲೆ. ವೈರಸ್ ಅಡಗಿದರೂ ಒಳಗೆ ಸಣ್ಣ ಉರಿಯೂತ ಉಳಿಯುತ್ತದಂತೆ. ರಕ್ತನಾಳಕ್ಕೆ ಅದು ಒಳ್ಳೆಯದಲ್ಲ. ಹಾಗಾಗಿ ಕೊಲೆಸ್ಟ್ರಾಲ್ ಟೆಸ್ಟ್.

ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದೆ. ರಕ್ತ ತೆಗೆದ ಹುಡುಗಿಯ ಕೈ ಹಗುರ, ಇರುವೆ ಕಚ್ಚಿದಷ್ಟೂ ನೋವಿಲ್ಲ. ಆದರೆ ಕೌಂಟರಿನವನು, "ಯಜಮಾನ್ರೇ, ಯಾವ ಕಾಯಿಲೆಗೆ ಮಾತ್ರೆ ತಗೋತೀರಿ?" ಎಂದು ಗಟ್ಟಿಯಾಗಿ ಕೇಳಿದ. ಬೆಂಚಿನ ಮೇಲೆ ಆರು ಜನ. "ಬಿಪಿಗೆ" ಎಂದೆ. ಸುಳ್ಳೇನಲ್ಲ, ಅದನ್ನೂ ನುಂಗುತ್ತೇನೆ.

ಸಂಜೆ 4ಕ್ಕೇ ರಿಪೋರ್ಟ್ ವಾಟ್ಸಾಪಿಗೆ ಬಂತು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 128. ಅಂಥ ಜಾಸ್ತಿ ಏನಿಲ್ಲ ಅಲ್ವಾ ಎಂದುಕೊಂಡೆ. ಆದರೂ ಡಾಕ್ಟರು ಸ್ಟಾಟಿನ್ ಬರೆದರು, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಕಾರಣ ಇದೆ. 2023ರಲ್ಲಿ ಫಲಿತಾಂಶ ಬಂದ ರಿಪ್ರೀವ್ ಅಧ್ಯಯನದಲ್ಲಿ 40ರಿಂದ 75 ವಯಸ್ಸಿನ, ಎಚ್‌ಐವಿ ಇರುವ 7,769 ಜನ ಇದ್ದರು. ಪಿಟಾವಸ್ಟಾಟಿನ್ ಎಂಬ ಸ್ಟಾಟಿನ್ ನುಂಗಿದವರಲ್ಲಿ ಹೃದಯಾಘಾತ, ಲಕ್ವದಂಥ ಗಂಡಾಂತರ ಸುಮಾರು 35% ಕಮ್ಮಿಯಾಯಿತು. ಸಿಮ್ವಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್ ಮಾತ್ರ ಕೆಲವು ಎಚ್‌ಐವಿ ಮಾತ್ರೆಗಳ ಜೊತೆ ಆಗಿಬರುವುದಿಲ್ಲ, ಅಂಗಡಿಯಲ್ಲಿ ಸುಮ್ನೆ ಕೇಳಿ ತಗೋಬೇಡಿ.

ಮೂರು ತಿಂಗಳಿಗೆ ಮತ್ತೆ ಇದೇ ಲ್ಯಾಬಿಗೆ ಹೋಗುತ್ತೇನೆ, ಆ ಹುಡುಗಿಗೋಸ್ಕರ. ಅಷ್ಟರೊಳಗೆ ಕೌಂಟರಿನವನಿಗೆ ಯಾರಾದರೂ ಮೆಲ್ಲಗೆ ಮಾತಾಡಲು ಹೇಳಿಕೊಡಿ.