ಬಾಲಿಗೆ ಹೊರಟವರೇ, ಎಣಿಸಿ ಮುಗಿದ ದುಡ್ಡನ್ನು ಮತ್ತೆ ಅವರ ಕೈಗೆ ಕೊಡಬೇಡಿ

ಬಾಲಿಗೆ ಟಿಕೆಟ್ ಮಾಡಿಸಿದವರು, ಅದರಲ್ಲೂ ಮೊದಲ ಸಲ ದೇಶ ಬಿಟ್ಟು ಹೊರಡುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕುಟಾ ಬೀಚಿನ ಹಿಂದಿನ ಗಲ್ಲಿಗಳಲ್ಲಿ ಡಾಲರ್ ಬದಲಾಯಿಸಿ ಕೊಡುವ ಸಣ್ಣ ಸಣ್ಣ ಅಂಗಡಿಗಳಿವೆ. ಹೊರಗೆ ಬೋರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚಿನ ರೇಟು, ಕೆಳಗೆ "ನೋ ಕಮಿಷನ್", ಅದರ ಕೆಳಗೆ "ಆಥರೈಸ್ಡ್ ಮನಿ ಚೇಂಜರ್". ಒಂದನ್ನೂ ನಂಬಬೇಡಿ. ನಾವು ನಾಲ್ಕು ಜನ ಎದುರಿಗೇ ನಿಂತಿದ್ದಾಗ, ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾಗಲೇ, ಹತ್ತೂವರೆ ಲಕ್ಷ ರುಪಿಯಾ (ಬಾಲಿ ಇರುವ ಇಂಡೋನೇಷ್ಯಾದ ದುಡ್ಡು) ಎಗರಿಸಿದರು. ನಮ್ಮ ಲೆಕ್ಕದಲ್ಲಿ ಐದೂವರೆ ಸಾವಿರ ರೂಪಾಯಿ.

ಐದೂವರೆ ಸಾವಿರಕ್ಕೆ ಇಷ್ಟು ದೊಡ್ಡ ಗಲಾಟೆಯಾ ಅನ್ನುವವರು ಅನ್ನಲಿ. ಅಲ್ಲಿ ದುಡ್ಡು ಎಣಿಸಿಕೊಂಡವರು ಯಾರು ಗೊತ್ತಾ? ನಮ್ಮ ಭಾವ. ಸಾಗರದಲ್ಲಿ ಅಡಿಕೆ ಮಂಡಿಯಲ್ಲಿ ವರ್ಷಗಟ್ಟಲೆ ನೋಟು ಎಣಿಸಿದ ಕೈ ಅವರದು. ಕಂತೆಯಲ್ಲಿ ಒಂದು ನೋಟು ಕಮ್ಮಿ ಇದ್ದರೆ ಬೆರಳಿಗೇ ಗೊತ್ತಾಗುತ್ತದೆ ಅವರಿಗೆ. ಅಂಥವರ ಕಣ್ಣಿಗೇ ಮಣ್ಣೆರಚಿದರು. ಆ ದಿನ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ, ಅಕ್ಕ ಎಷ್ಟು ಕರೆದರೂ ರೂಮಿನಿಂದ ಆಚೆ ಬರಲಿಲ್ಲ. ನನ್ನ ಸಿಟ್ಟು ಅದಕ್ಕೆ. ದುಡ್ಡಿಗಲ್ಲ.

ಆದರೆ ಕುಟಾದ ಆ ಅಂಗಡಿಯ ಹುಡುಗನನ್ನು ಮಾತ್ರ ಬೈದರೆ ಸಾಲದು. ನಮ್ಮನ್ನು ಆ ಗಲ್ಲಿಗೆ ತಳ್ಳಿದವನು ಬೆಂಗಳೂರಿನಲ್ಲಿ ಎಸಿ ಹಾಕಿಕೊಂಡು ಕೂತಿರುವ ಫಾರೆಕ್ಸ್ ಅಂಗಡಿಯವನು, ಅಂದರೆ ವಿದೇಶಿ ದುಡ್ಡು ಮಾರುವವನು. ಹೆಸರು ಹಾಕುತ್ತಿಲ್ಲ, ಆದರೆ ಅವನು ಮಾಡಿದ್ದು ಏನು ಅಂತ ಹೇಳುತ್ತೇನೆ.

600 ಡಾಲರ್ ಬೇಕು ಅಂದೆವು. ಮಾರುಕಟ್ಟೆಯಲ್ಲಿ ಡಾಲರ್ 86ರ ಆಸುಪಾಸು ಇದ್ದಾಗ ಇವನು ಹಾಕಿದ್ದು 88.60. "ಕಮಿಷನ್ ಜೀರೋ ಸರ್" ಅಂದ. ಜೀರೋ ಯಾಕಾಗುವುದಿಲ್ಲ, ಅದೆಲ್ಲ ರೇಟಿನಲ್ಲೇ ಸೇರಿದೆಯಲ್ಲ. ಆಯಿತು, ಅದು ಎಲ್ಲರೂ ಮಾಡುತ್ತಾರೆ, ಬಿಡಿ. 50 ಸಾವಿರ ದಾಟಿದರೆ ನಗದು ತೆಗೆದುಕೊಳ್ಳುವಂತಿಲ್ಲ ಅನ್ನುವುದು ನಿಯಮ, ಹಾಗಾಗಿ ಮೊದಲೇ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡಿಸಿಕೊಂಡ. ದುಡ್ಡು ಅವನ ಅಕೌಂಟಿಗೆ ಹೋದ ಮೇಲೆ, ಪಾಸ್‌ಪೋರ್ಟ್ ಜೆರಾಕ್ಸ್, ಟಿಕೆಟ್, ಸಹಿ ಎಲ್ಲ ಮುಗಿದ ಮೇಲೆ ಕವರು ಕೊಟ್ಟ. ಬಿಚ್ಚಿ ನೋಡಿದರೆ ನೂರರದ್ದು ಬರೀ ಮೂರು ನೋಟು. ಉಳಿದದ್ದೆಲ್ಲ ಇಪ್ಪತ್ತರದ್ದು. ಯಾಕ್ರೀ ಹೀಗೆ ಅಂದರೆ, "ನೂರರದ್ದು ಸ್ಟಾಕ್ ಖಾಲಿ ಸರ್, ಚಿಲ್ಲರೆ ಇದ್ದರೆ ನಿಮಗೇ ಅನುಕೂಲ." ಆ ಮೂರು ನೂರರಲ್ಲಿ ಎರಡರ ಮೂಲೆಯಲ್ಲಿ ನೇರಳೆ ಶಾಯಿಯ ಸಣ್ಣ ಸೀಲು. ಇನ್ನೊಂದು 2013ಕ್ಕಿಂತ ಹಿಂದಿನ ಹಳೇ ನೋಟು, ಮಧ್ಯದಲ್ಲಿ ನೀಲಿ ಪಟ್ಟಿ ಇಲ್ಲದ್ದು. "ಎಲ್ಲಾ ಕಡೆ ನಡೆಯುತ್ತೆ ಸರ್, ಡಾಲರ್ ಡಾಲರೇ."

ನಡೆಯುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ, ಇಂಡೋನೇಷ್ಯಾದಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಹಳೇ ನೋಟು ಇವತ್ತಿಗೂ ಚಲಾವಣೆಯಲ್ಲಿದೆ, ಅದು ನಿಜ. ಆದರೆ ಬಾಲಿಯಲ್ಲಿ ಡಾಲರ್ ಕೊಳ್ಳುವವನಿಗೆ ಗೀರು, ಮಡಿಕೆ, ಶಾಯಿ ಯಾವುದೂ ಇರಬಾರದು, ಹೊಸ ನಮೂನೆಯ ನೂರರ ನೋಟೇ ಆಗಬೇಕು. ಸಣ್ಣ ನೋಟಿಗೆ ರೇಟು ಕಡಿಮೆ. ಗಾಜಿನ ಬಾಗಿಲಿನ ಒಂದು ಸರಿಯಾದ ಅಂಗಡಿಗೇ ಮೊದಲು ಹೋಗಿದ್ದೆವು. ಬೋರ್ಡಿನಲ್ಲಿ ಡಾಲರಿಗೆ 16,200 ರುಪಿಯಾ ಇತ್ತು. ಆ ಹುಡುಗಿ ನಮ್ಮ ನೂರರ ನೋಟುಗಳನ್ನು ಬೆಳಕಿಗೆ ಹಿಡಿದು, ಸೀಲಿನ ಮೇಲೆ ಬೆರಳಿಟ್ಟು ತೋರಿಸಿ, ಮೂರನ್ನೂ ವಾಪಸ್ ತಳ್ಳಿದಳು. ಇಪ್ಪತ್ತರ ನೋಟಿಗೆ 15,500 ಅಂದಳು. ಹಿಂದೆ ಸಾಲಿನಲ್ಲಿ ಆಸ್ಟ್ರೇಲಿಯಾದವರೋ ಯಾರೋ ನಿಂತಿದ್ದರು, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು, ಖೋಟಾ ನೋಟು ತಂದವರ ಹಾಗೆ.

ಕಾರ್ಡಾದರೂ ಇದೆಯಲ್ಲ ಅಂದುಕೊಂಡರೆ ಅದೂ ಕೈಕೊಟ್ಟಿತು. 2020ರಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ಓಡುತ್ತವೆ, ಹೊರದೇಶಕ್ಕೆ ನಾವೇ ಆನ್ ಮಾಡಿಸಬೇಕು. ಹೊರಡುವ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿದ್ದೆ. "ಆನ್ ಇದೆ ಸರ್" ಅಂತ ಕೌಂಟರಿನಲ್ಲಿದ್ದವರು ಹೇಳಿದ್ದರು. ಎಟಿಎಂ ಎದುರು ನಿಂತಾಗ ಆಫ್ ಆಗಿತ್ತು. ವೀಸಾಕ್ಕೆ ತಲೆಗೆ 5 ಲಕ್ಷ ರುಪಿಯಾ, ಬಾಲಿಯ ಪ್ರವಾಸಿ ಶುಲ್ಕ ತಲೆಗೆ ಒಂದೂವರೆ ಲಕ್ಷ, ಅದನ್ನೆಲ್ಲ ಹೆಂಡತಿ ಅವಳ ಕಾರ್ಡಿನಲ್ಲಿ ಆನ್‌ಲೈನಿನಲ್ಲೇ ಕಟ್ಟಿದ್ದರಿಂದ ಬಚಾವು. ಆದರೆ ಡ್ರೈವರಿಗೆ ನಗದೇ ಬೇಕಿತ್ತು.

ಹಾಗಾಗಿ ಆ ಗಲ್ಲಿ. ಬೋರ್ಡಿನಲ್ಲಿ 16,450. "ಎನಿ ನೋಟ್ ಓಕೆ, ಸ್ಮಾಲ್ ನೋಟ್ ಸೇಮ್ ರೇಟ್" ಅಂದ ಹುಡುಗ. ಮಾರುಕಟ್ಟೆಗಿಂತ ಜಾಸ್ತಿ ಕೊಟ್ಟು ಅವನು ಬದುಕುವುದು ಹೇಗೆ? ಎಣಿಕೆಯಲ್ಲಿ. ಅವನ ಸಂಪಾದನೆ ಇರುವುದೇ ಎಣಿಕೆಯಲ್ಲಿ.

ಇಪ್ಪತ್ತರ ನೋಟುಗಳನ್ನು ಕೊಟ್ಟೆವು, ಒಟ್ಟು 300 ಡಾಲರ್. ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ, 4.935.000. ಅಲ್ಲಿ ಸಾವಿರಕ್ಕೆ ಅಲ್ಪವಿರಾಮ ಇಲ್ಲ, ಚುಕ್ಕಿ. ನಮ್ಮ ಕಣ್ಣಿಗೆ ಮೊದಲೇ ಗೊಂದಲ. 49 ಲಕ್ಷದ 35 ಸಾವಿರ. ಒಂದು ಲಕ್ಷದ ಕೆಂಪು ನೋಟು ಕೊಡಪ್ಪ ಅಂದರೆ "ಬಿಗ್ ನೋಟ್ ಫಿನಿಶ್" ಅಂತ ಎಲ್ಲ 50 ಸಾವಿರದ ನೀಲಿ ನೋಟುಗಳನ್ನೇ ತೆಗೆದ. ಬೆಂಗಳೂರಿನವನದ್ದೂ ಇದೇ ಮಾತು ನೋಡಿ, ಖಾಲಿ, ಖಾಲಿ. ನೋಟು ಹೆಚ್ಚಾದಷ್ಟೂ ಎಣಿಸುವುದು ಕಷ್ಟ, ಅದೇ ಬೇಕು ಅವರಿಗೆ.

ಇಪ್ಪತ್ತಿಪ್ಪತ್ತು ನೋಟಿನ ಕಂತೆ ಮಾಡಿ ಇಟ್ಟ, ಕಂತೆಗೆ ಹತ್ತು ಲಕ್ಷ. ಭಾವ ಎಣಿಸಿದರು. ಮೊದಲ ಕಂತೆಯಲ್ಲೇ ಎರಡು ನೋಟು ಕಮ್ಮಿ. ಭಾವ ತಕ್ಷಣ ಹಿಡಿದರು. ಹುಡುಗ ನಾಲಿಗೆ ಕಚ್ಚಿಕೊಂಡು "ಸಾರಿ ಬಾಸ್, ಸಾರಿ" ಅಂತ ಎರಡು ನೋಟು ಸೇರಿಸಿದ. ಈಗ ಯೋಚಿಸಿದರೆ ಅದು ಬೇಕಂತಲೇ ಮಾಡಿದ್ದು. ಕಳ್ಳತನ ಹಿಡಿದೆವು, ಇನ್ನು ಮೋಸ ಇಲ್ಲ ಅಂತ ನಮಗೆ ಧೈರ್ಯ ಬರಲಿ ಅಂತಲೇ ಮಾಡಿದ್ದು. ಭಾವ ಉಳಿದ ಕಂತೆಗಳನ್ನೂ ಎಣಿಸಿದರು. 98 ನೋಟು, ಮೇಲೆ 35 ಸಾವಿರ ಚಿಲ್ಲರೆ. ಸರಿ ಇತ್ತು. ಪೂರ್ತಿ ಸರಿ ಇತ್ತು. ನಾನೂ ನೋಡಿದ್ದೇನೆ.

ಆಗ ಹುಡುಗ "ಒನ್ ಮೋರ್ ಟೈಮ್, ಫಾರ್ ಸೇಫ್" ಅಂತ ಎಲ್ಲ ಕಂತೆ ಒಟ್ಟು ಮಾಡಿ ತನ್ನ ಕಡೆ ಎಳೆದುಕೊಂಡ. ಟೇಬಲಿನ ಅಂಚಿಗೆ ಟಪಟಪ ಅಂತ ಕುಟ್ಟಿ ಜೋಡಿಸಿದ. ಅದೇ ಹೊತ್ತಿಗೆ ಪಕ್ಕದ ಸ್ಟೂಲಿನಲ್ಲಿದ್ದ ಇನ್ನೊಬ್ಬ, ಅಲ್ಲಿವರೆಗೆ ಬಾಯಿ ಬಿಡದವನು, "ಇಂಡಿಯಾ? ಶಾರುಖ್ ಖಾನ್!" ಅಂತ ಕೂಗಿದ. ಅಕ್ಕ ನಕ್ಕಳು. ನಾವೆಲ್ಲ ಅವನ ಕಡೆ ತಿರುಗಿದೆವು. ಅಷ್ಟೇ. ಅಷ್ಟೇ ಸಾಕು. ಆ ಟೇಬಲಿನ ಒಳಗಡೆ ಅಂಚಿನ ಕೆಳಗೆ ಡ್ರಾಯರ್ ತೆರೆದೇ ಇರುತ್ತದೆ, ಕುಟ್ಟುವಾಗ ಹಿಂಬದಿಯ ನೋಟುಗಳು ಅದರೊಳಗೆ ಜಾರುತ್ತವೆ. ರಬ್ಬರ್ ಬ್ಯಾಂಡ್ ಹಾಕಿ, ಎರಡೂ ಕೈ ಸೇರಿಸಿ ಭಾವನ ಕೈಗೆ ಕೊಟ್ಟ. ಎಷ್ಟು ಮರ್ಯಾದೆ!

ಡ್ರೈವರಿಗೆ ಕೊಡಲು ರಬ್ಬರ್ ಬ್ಯಾಂಡ್ ಬಿಚ್ಚಿದಾಗ 77 ನೋಟು. ಭಾವ ಎಣಿಸಿದರು, ನಾನು ಎಣಿಸಿದೆ, ಹೆಂಡತಿ ಎಣಿಸಿದಳು. 77. ಇಪ್ಪತ್ತೊಂದು ನೋಟು ಮಾಯ.

ಓಡಿದೆವು. ಅಂಗಡಿ ತೆರೆದೇ ಇತ್ತು, ಅದೇ ಹುಡುಗ ಅಲ್ಲೇ ಕೂತಿದ್ದ. ಓಡಿಹೋಗುವಷ್ಟು ಭಯವೂ ಇಲ್ಲ ಅವನಿಗೆ. ಹೇಳಿದ್ದೇ ಹೇಳಿದ, "ಯೂ ಕೌಂಟ್. ಯೂ ಸೇ ಓಕೆ. ಯೂ ಗೋ." ಡ್ರಾಯರ್ ತೋರಿಸು ಅಂದೆವು. "ಯೂ ಕೌಂಟ್, ಯೂ ಸೇ ಓಕೆ, ಯೂ ಗೋ." ರಸೀದಿ ಕೊಡು ಅಂದರೆ "ನೋ ಪೇಪರ್." ಕ್ಯಾಮೆರಾ? "ನೋ ಕ್ಯಾಮೆರಾ." ಕೊನೆಗೆ ನಮ್ಮ ನಾಲ್ಕೂ ಜನರ ಮುಖ ನೋಡಿ, ನನ್ನ ಕಡೆ ಕೈ ತೋರಿಸಿ ಭಾವನಿಗೆ ಏನಂದ ಗೊತ್ತಾ? "ಮೇ ಬಿ ಯುವರ್ ಫ್ರೆಂಡ್ ಟೇಕ್." ನಾನು ಕದ್ದಿರಬಹುದಂತೆ. ಅಕ್ಕನ ಮುಂದೆ, ಭಾವನ ಮುಂದೆ ನಾನು ಕದ್ದಿರಬಹುದಂತೆ. ಭಾವ ಅಲ್ಲಿಯವರೆಗೆ ಸುಮ್ಮನಿದ್ದವರು ಕನ್ನಡದಲ್ಲೇ ಬೈಯಲು ಶುರುಮಾಡಿದರು. ಪೊಲೀಸ್ ಅಂದೆವು. "ಗೋ ಪೊಲೀಸ್" ಅಂದ. ರಸೀದಿ ಇಲ್ಲದೆ ಏನು ತೋರಿಸುವುದು? ಗಲ್ಲಿಯ ತುದಿಯಿಂದ ಇನ್ನೂ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಹೆಂಗಸರನ್ನು ಕರೆದುಕೊಂಡು ವಾಪಸ್ ಬಂದೆವು.

ಹೋಟೆಲಿನ ರಿಸೆಪ್ಶನಿನವರು ಆಮೇಲೆ ಹೇಳಿದರು, ಪರವಾನಗಿ ಇರುವ ಅಂಗಡಿಯಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕ್ ಆದ ಬ್ಯಾಂಕ್ ಇಂಡೋನೇಷ್ಯಾ ಕೊಟ್ಟ "ಕೆಯುಪಿವಿಎ ಬಿಬಿ" (KUPVA BB) ಅನ್ನುವ ಲಾಂಛನ ಹಾಕಿರುತ್ತಾರೆ, ಅದನ್ನು ನೋಡಿ ಹೋಗಿ ಅಂತ. "ಆಥರೈಸ್ಡ್" ಅಂತ ಬೋರ್ಡು ಯಾರು ಬೇಕಾದರೂ ಬರೆಸಬಹುದು.

ಬೆಂಗಳೂರಿನವನಿಗೆ ಅಲ್ಲಿಂದಲೇ ವಾಟ್ಸಾಪ್ ಕಾಲ್ ಮಾಡಿದೆ. "ಕೌಂಟರ್ ಬಿಟ್ಟ ಮೇಲೆ ನಮ್ಮ ಜವಾಬ್ದಾರಿ ಇಲ್ಲ ಸರ್. ನೀವು ಸರಿಯಾದ ಕಡೆ ಹೋಗಬೇಕಿತ್ತು." ಸರಿಯಾದ ಕಡೆ ಹೋಗಿದ್ದಕ್ಕೇ ನಿನ್ನ ನೋಟು ವಾಪಸ್ ಬಂತಲ್ಲ ಮಾರಾಯಾ ಅಂದೆ. ಕಟ್ ಮಾಡಿದ.

ಮುಂದಿನ ದಿನ ಹೋಟೆಲ್ ವೈಫೈಯಲ್ಲಿ ಆ್ಯಪ್ ತೆರೆದು ಕಾರ್ಡ್ ಆನ್ ಮಾಡಿಕೊಂಡೆ. ಕಾರ್ಡಿನಲ್ಲೂ ಒಂದು ಮೋಸ ಇದೆ, ನೋಡಿಕೊಳ್ಳಿ. ಊಟದ ಬಿಲ್ಲು 9 ಲಕ್ಷದ 20 ಸಾವಿರ ರುಪಿಯಾ, ನಮ್ಮದು 4,850 ಆಗಬೇಕು. ಮೆಷಿನ್ ರುಪಿಯಾ ಬೇಕಾ, ಇಂಡಿಯನ್ ರುಪೀ ಬೇಕಾ ಅಂತ ಕೇಳುತ್ತದೆ. ನಮ್ಮನ್ನು ಕೇಳದೆ ಬಿಲ್ಲು ತಂದ ಹುಡುಗ ಇಂಡಿಯನ್ ರುಪೀ ಒತ್ತಿದ. ಸ್ಲಿಪ್ಪಿನಲ್ಲಿ 5,140. ನಮ್ಮ ರೂಪಾಯಿ ಕಂಡ ಕೂಡಲೇ ಸಮಾಧಾನ ಅನ್ನಿಸುತ್ತದೆ, ಅಲ್ಲೇ ತಮ್ಮದೇ ರೇಟು ಹಾಕಿ ಕೊಯ್ಯುವುದು. ಬ್ಯಾಂಕಿಗೆ ದೂರು ಕೊಟ್ಟರೆ "ಕರೆನ್ಸಿ ಆಯ್ಕೆಗೆ ಒಪ್ಪಿದ್ದೇನೆ ಅಂತ ಸ್ಲಿಪ್ಪಿನಲ್ಲೇ ಇದೆಯಲ್ಲ ಸರ್." ಯಾವಾಗಲೂ ಆ ದೇಶದ ದುಡ್ಡನ್ನೇ ಒತ್ತಿಸಿ. ಎಟಿಎಂನಲ್ಲೂ ಹಾಗೇ, ಕನ್ವರ್ಷನ್ ಬೇಡ ಅಂತಲೇ ಒತ್ತಿ.

ಈಗ ಕೇಳಿ, ನನ್ನ ರಕ್ತ ಕುದಿದದ್ದು ಎಲ್ಲಿ ಅಂತ. ವಾಪಸ್ ಬಂದ ಮೇಲೆ ಉಳಿದ ಆ ಮೂರು ನೂರರ ನೋಟುಗಳನ್ನು ಅದೇ ಬೆಂಗಳೂರಿನ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿ ಅದೇ ಮನುಷ್ಯ. ನೋಟು ತಿರುಗಿಸಿ ನೋಡಿ, "ಇದರ ಮೇಲೆ ಸೀಲ್ ಇದೆಯಲ್ಲ ಸರ್. ಇನ್ನೊಂದು ಓಲ್ಡ್ ಸೀರೀಸ್. 81 ಕೊಡಬಹುದು ಅಷ್ಟೇ." ನೀವೇ ಕೊಟ್ಟ ನೋಟು ಇದು ಅಂದೆ. "ನಾವು ಇಂಥ ನೋಟು ಕೊಡುವುದೇ ಇಲ್ಲ." ಹೊರಡುವ ಹಿಂದಿನ ರಾತ್ರಿ ಅಕ್ಕ ಪಾಸ್‌ಪೋರ್ಟುಗಳ ಜೊತೆ ಡಾಲರನ್ನೂ ಹಾಸಿಗೆಯ ಮೇಲೆ ಹರಡಿ ಫೋಟೋ ತೆಗೆದಿದ್ದಳು, ನಂಬರು ಕಾಣುತ್ತದೆ. ತೋರಿಸಿದೆ. "ಫೋಟೋ ಯಾರು ಬೇಕಾದರೂ ತೆಗೆಯಬಹುದು ಸರ್." ರಸೀದಿಯಲ್ಲಿ ನೋಟಿನ ನಂಬರು ಇಲ್ಲ, ಅದು ಅವನಿಗೆ ಗೊತ್ತು. ಮೇಲಿಂದ ಹೆದರಿಸಿದ, "180 ದಿನದೊಳಗೆ ವಾಪಸ್ ಕೊಡಲೇಬೇಕು, ಇಟ್ಟುಕೊಂಡರೆ ಕೇಸ್ ಆಗುತ್ತೆ." ಸುಳ್ಳು. ಪ್ರಯಾಣದಿಂದ ಉಳಿದದ್ದು 2,000 ಡಾಲರ್ ಒಳಗಿದ್ದರೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಮೇಲಿನದಕ್ಕೆ ಮಾತ್ರ ಆ 180 ದಿನ. ನೋಟು ಎತ್ತಿಕೊಂಡು ಬಂದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ನಾನೂ ಬಿಡುವವನಲ್ಲ.

ಹೊರಡುವವರಿಗೆ ನಾನು ಹೇಳುವುದು ಇಷ್ಟೇ. ಅಲ್ಲಿ ಬದಲಾಯಿಸುವಾಗ ನಿಮ್ಮ ಡಾಲರನ್ನು ನಿಮ್ಮ ಕೈಯಲ್ಲೇ ಇಟ್ಟುಕೊಂಡು, ಅವರ ದುಡ್ಡು ಮೊದಲು ಎಣಿಸಿ ಜೇಬಿಗೆ ಹಾಕಿ, ಆಮೇಲೆ ಡಾಲರ್ ಕೊಡಿ. ಒಪ್ಪದಿದ್ದರೆ ಹೊರಗೆ ಬನ್ನಿ. ಎಣಿಸಿದ ಮೇಲೆ ಯಾರು ಏನೇ ಹೇಳಲಿ, ಪಕ್ಕದವನು ಕೂಗಲಿ, ಕುಣಿಯಲಿ, ನೋಟು ಅವರ ಕೈಗೆ ಹೋಗಬಾರದು. ಇಲ್ಲಿ ಡಾಲರ್ ಕೊಳ್ಳುವಾಗ ಟ್ರಾನ್ಸ್‌ಫರ್ ಮಾಡುವ ಮೊದಲೇ ನೋಟುಗಳನ್ನು ಟೇಬಲ್ ಮೇಲೆ ಇಡಿಸಿ. ಹೊಸ ನೂರರದ್ದಾ, ಸೀಲು ಇದೆಯಾ, ಒಂದೊಂದಾಗಿ ನೋಡಿ. "ಸ್ಟಾಕ್ ಖಾಲಿ" ಅಂದರೆ ನೂರರ ನೋಟು ಬಂದ ಮೇಲೆ ಬರುತ್ತೇನೆ ಅಂತ ಹೇಳಿ ಎದ್ದು ಪಕ್ಕದ ಅಂಗಡಿಗೆ ಹೋಗಿ. ದುಡ್ಡು ನಿಮ್ಮ ಅಕೌಂಟಿನಲ್ಲಿ ಇರುವವರೆಗೆ ಮಾತ್ರ ಅವರು ನಿಮ್ಮ ಮಾತು ಕೇಳುತ್ತಾರೆ.