ರೊಟ್ಟಿಗೆ ಲೆಕ್ಕ ಇಡುವ ಹೋಟೆಲು, ಇಡದ ಹೋಟೆಲು

ಮೊದಲೇ ಹೇಳಿಬಿಡುತ್ತೇನೆ, ನಾವು ಉಂಡ ಎರಡು ಮೆಡಿಟರೇನಿಯನ್ ಹೋಟೆಲುಗಳಲ್ಲಿ ನನ್ನ ಮತ ಬೆಳಗಾವಿಯ ಟಿಳಕವಾಡಿಯ ಸಣ್ಣ ಜಾಗಕ್ಕೆ. ಆದರೆ ನಾವು ಮೊದಲು ಹೋದದ್ದು ಬೆಳಗಾವಿಯ ಹೊರಗೆ ಹೆದ್ದಾರಿ ಬದಿಯಲ್ಲಿರುವ ದೊಡ್ಡ ಹೋಟೆಲಿಗೆ. ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂದು ಯಜಮಾನರು ಮೇಲ್ಮಹಡಿಯ ಮೆಡಿಟರೇನಿಯನ್ ರೆಸ್ಟೋರೆಂಟಿನಲ್ಲಿ ಮೇಜು ಕಾಯ್ದಿರಿಸಿದ್ದರು. ಅಲ್ಲಿಂದ ಹೊತ್ತು ತಂದ ಸಿಟ್ಟು ಇಳಿಯಲು ಎರಡು ತಿಂಗಳು ಹಿಡಿಯಿತು, ಆಮೇಲೆ ಟಿಳಕವಾಡಿಗೆ ಹೋದೆವು. ಎರಡೂ ಕಡೆ ಅದೇ ನಾಲ್ವರು: ನಾವಿಬ್ಬರು, ಪಿಯುಸಿ ಓದುವ ಮಗ, ಅತ್ತೆಯವರು. ಎಲ್ಲರೂ ಸಸ್ಯಾಹಾರಿಗಳು. ಕುರಿ, ಮೀನಿನ ರುಚಿ ತಿಳಿಯಬೇಕಾದವರು ಬೇರೆಯವರನ್ನು ಕೇಳಿ.

ಸಿಟ್ಟಿಗೆ ಕಾರಣ ಪೀಟಾ ಬ್ರೆಡ್ಡು.

ದೊಡ್ಡ ಹೋಟೆಲಿನಲ್ಲಿ ಮೆಝೆ ತಟ್ಟೆ, ಅಂದರೆ ಬ್ರೆಡ್ಡು ಅದ್ದಿ ತಿನ್ನುವ ಬಗೆಬಗೆಯ ಸಣ್ಣ ತಿನಿಸುಗಳು, ಹೇಳಿದೆವು. ಹುಮ್ಮುಸ್, ಬಾಬಾ ಗನೂಶ್, ಲಬ್ನೆ, ಕೆಂಪು ಮೆಣಸು ಮತ್ತು ಅಕ್ರೋಟು ಅರೆದ ಮುಹಮ್ಮರಾ ನಾಲ್ಕು ಬಟ್ಟಲಲ್ಲಿ ಬಂದವು. ಜೊತೆಗೆ ಎರಡು ಪೀಟಾ, ಎಂಟು ತ್ರಿಕೋನಗಳಾಗಿ ಕತ್ತರಿಸಿ. ನಾಲ್ಕು ಜನರಿಗೆ ಎಂಟು ತುಂಡು! ಎರಡು ಸಲ ಅದ್ದಿ ತಿನ್ನುವಷ್ಟರಲ್ಲಿ ಬುಟ್ಟಿ ಬರಿದು, ಬಟ್ಟಲುಗಳು ಮುಕ್ಕಾಲು ಭರ್ತಿ. ಮೆಝೆಯಲ್ಲಿ ಬ್ರೆಡ್ಡೇ ಚಮಚ. ಅದಿಲ್ಲದೆ ಹುಮ್ಮುಸನ್ನು ಏನು ಮಾಡಬೇಕು? ಇನ್ನಷ್ಟು ಕೊಡಿ ಎಂದರೆ, "ಒಂದಕ್ಕೆ 120 ರೂಪಾಯಿ ಆಗುತ್ತದೆ ಮೇಡಂ" ಎಂಬ ಉತ್ತರ. ಆಗಲಿ ಎಂದು ಮೂರು ಹೇಳಿದೆವು. ಇಪ್ಪತ್ತು ನಿಮಿಷ ಕಳೆದರೂ ಬರಲಿಲ್ಲ. ಮಗ ಎರಡು ಸಲ ಎದ್ದು ಹೋಗಿ ಕೇಳಿ ಬಂದ. ಕೊನೆಗೆ ಬಂದದ್ದು ತಣ್ಣಗಾಗಿ ಬಿರುಸಾಗಿತ್ತು, ಹರಿದರೆ ತೊಗಲಿನಂತೆ ಎಳೆಯುತ್ತಿತ್ತು. ಪೀಟಾ ಉಬ್ಬುವುದು ಒಳಗಿನ ಆವಿಯಿಂದ, ನಮ್ಮ ಫುಲ್ಕಾದ ಹಾಗೆಯೇ. ಒಲೆಯಿಂದ ಇಳಿಸಿದ ಕೂಡಲೇ ತಿಂದರೆ ಹತ್ತಿ, ತಡಮಾಡಿದರೆ ಚಕ್ಕಳ.

ಅತ್ತೆಯವರು ಅಷ್ಟು ಹೊತ್ತು ಸುಮ್ಮನಿದ್ದವರು, "ಖಾನಾವಳಿಯಲ್ಲಿ ಸಾಕು ಎಂದು ಕೈ ಅಡ್ಡ ಹಿಡಿದರೂ ರೊಟ್ಟಿ ಹಾಕುತ್ತಾರೆ. ಇಲ್ಲಿ ಬೇಡಬೇಕಲ್ಲ" ಎಂದರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಉಳಿದದ್ದನ್ನು ಕಟ್ಟಿಸಿಕೊಂಡು ಬಂದು ಮರುದಿನ ಖಡಕ್ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಆ ಊಟದ ಅತ್ಯುತ್ತಮ ಭಾಗ ಅದೇ ಆಗಿತ್ತು.

ಟಿಳಕವಾಡಿಯದು ಹಳೆಯ ಮನೆಯೊಂದರ ಮುಂಭಾಗ, ಎಂಟೇ ಮೇಜು. ಅಲ್ಲಿ ಒಲೆ ಕಣ್ಣೆದುರೇ ಇದೆ. ಬುಟ್ಟಿ ಅರ್ಧ ಖಾಲಿಯಾದರೆ ಹುಡುಗ ಕೇಳದೆಯೇ ಬಿಸಿ ಪೀಟಾ ತಂದು ಇಡುತ್ತಾನೆ. ಬಿಲ್ಲಿನಲ್ಲಿ ಅದರ ಸುದ್ದಿಯೇ ಇಲ್ಲ. ನನಗೆ ಇಷ್ಟು ಸಾಕು. ಉಳಿದದ್ದೆಲ್ಲ ಮೇಲೋಗರ.

ರುಚಿಯ ಲೆಕ್ಕದಲ್ಲಿ ಹುಮ್ಮುಸ್ ಎರಡೂ ಕಡೆ ಚೆನ್ನಾಗಿತ್ತು. ಕಾಬೂಲಿ ಕಡಲೆ, ಎಳ್ಳು ಅರೆದ ತಹೀನಿ, ನಿಂಬೆ, ಬೆಳ್ಳುಳ್ಳಿ ಇಷ್ಟೇ ಸೇರುವ ಪದಾರ್ಥವನ್ನು ಕೆಡಿಸುವುದು ಕಷ್ಟ. ಬಾಬಾ ಗನೂಶ್‌ನಲ್ಲಿ ವ್ಯತ್ಯಾಸ ಗೊತ್ತಾಯಿತು. ಬದನೆಕಾಯಿಯನ್ನು ಉರಿಯ ಮೇಲೆ ಸುಟ್ಟರೆ ಬರುವ ಹೊಗೆಯ ವಾಸನೆ ಟಿಳಕವಾಡಿಯಲ್ಲಿ ಮೂಗಿಗೆ ಬಡಿಯಿತು, ದೊಡ್ಡ ಹೋಟೆಲಿನದು ಬೇಯಿಸಿ ಕಿವುಚಿದಂತಿತ್ತು. ಎಣ್ಣೆಗಾಯಿ ತಿಂದು ಬೆಳೆದವರಿಗೆ ಬದನೆಯ ವಿಷಯದಲ್ಲಿ ಮೋಸ ಮಾಡಲಾಗದು. ಲಬ್ನೆಯನ್ನು ಬಾಯಿಗಿಟ್ಟ ಅತ್ತೆಯವರು "ಇದು ಚಕ್ಕಾ ಅಲ್ಲವೇ?" ಎಂದರು. ಹೌದು, ನೀರು ಬಸಿದ ಮೊಸರೇ. ಶ್ರೀಖಂಡಕ್ಕೆ ನಾವು ಸಕ್ಕರೆ ಹಾಕುವಲ್ಲಿ ಅವರು ಉಪ್ಪು, ಆಲಿವ್ ಎಣ್ಣೆ ಹಾಕುತ್ತಾರೆ. ಕಡಲೆ ಅರೆದು ಕರಿದ, ನಮ್ಮ ವಡೆಯಂಥ ಫಲಾಫೆಲ್ ದೊಡ್ಡ ಹೋಟೆಲಿನಲ್ಲಿ ಒಣಕಲು.

ಸಿಹಿಯಲ್ಲಿ ಮಾತ್ರ ದೊಡ್ಡ ಹೋಟೆಲು ಗೆದ್ದಿತು. ತೆಳು ಹಾಳೆಗಳ ನಡುವೆ ಒಣಹಣ್ಣಿನ ಬೀಜ ತುಂಬಿ ಪಾಕ ಹಾಕಿದ ಅಲ್ಲಿನ ಬಕ್ಲಾವಾ ಪದರ ಪದರವಾಗಿ ಮುರಿಯಿತು. ಟಿಳಕವಾಡಿಯಲ್ಲಿ ಪಾಕದಲ್ಲಿ ನೆಂದು ಮೆತ್ತಗಾಗಿತ್ತು. ಮಗ ಮಾತ್ರ ಎರಡೂ ಕಡೆ ಕುಂದಾ ಇದೆಯೇ ಎಂದು ಕೇಳಿ ಮರ್ಯಾದೆ ತೆಗೆದ.

ನೋಟ, ದೀಪ, ಸಂಗೀತ, ವಾಹನ ನಿಲ್ಲಿಸುವ ಜಾಗ ಎಲ್ಲದರಲ್ಲೂ ದೊಡ್ಡ ಹೋಟೆಲೇ ಮುಂದು. ಲಿಫ್ಟ್ ಕೂಡ ಇದೆ. ಟಿಳಕವಾಡಿಯಲ್ಲಿ ಹಿಡಿಕೆಯಿಲ್ಲದ ನಾಲ್ಕು ಮೆಟ್ಟಿಲು ಹತ್ತಲು ಅತ್ತೆಯವರಿಗೆ ಇಬ್ಬರ ಕೈ ಬೇಕಾಯಿತು.

ಇನ್ನು ಹಣ. ದೊಡ್ಡ ಹೋಟೆಲಿನಲ್ಲಿ ತಿಂದದ್ದು 3,640 ರೂಪಾಯಿಯದು, ಕೈಗೆ ಬಂದ ಬಿಲ್ಲು 4,725. ಶೇ 10 ಸೇವಾ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಸೇವಾ ಶುಲ್ಕವನ್ನು ಗ್ರಾಹಕರನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮೆಲ್ಲಗೆ ಅದನ್ನು ಹೇಳಿದೆ. ವ್ಯವಸ್ಥಾಪಕರು ಮರುಮಾತಾಡದೆ ತೆಗೆದರು, ಬಿಲ್ಲು 4,295ಕ್ಕೆ ಇಳಿಯಿತು. ಯಜಮಾನರು ಆ ಹೊತ್ತಿಗೆ ಕಿಟಕಿಯಾಚೆ ನೋಡುತ್ತಿದ್ದರು. ಜಿಎಸ್‌ಟಿಯ ಮಾತು ಬೇರೆ. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರಿದ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಶೇ 18, ಬೀದಿಯ ಸ್ವತಂತ್ರ ರೆಸ್ಟೋರೆಂಟಿಗೆ ಶೇ 5. ಅದರಲ್ಲಿ ಯಾರ ತಪ್ಪೂ ಇಲ್ಲ, ಜೇಬಿಗೆ ಮಾತ್ರ ಗೊತ್ತಾಗುತ್ತದೆ. ಟಿಳಕವಾಡಿಯಲ್ಲಿ 2,480 ರೂಪಾಯಿಯ ಊಟಕ್ಕೆ ತೆರಿಗೆ ಸೇರಿ 2,604 ಕೊಟ್ಟು ಎದ್ದೆವು.

ಹೊರಗಿನ ದೊಡ್ಡ ಊಟ ನಮಗೆ ವರ್ಷಕ್ಕೆ ಎರಡು ಸಲ, ಸಲಕ್ಕೆ ಮೂರು ಸಾವಿರದೊಳಗೆ. ಹೊಟ್ಟೆ ತುಂಬಿ ಏಳುವ ಅಭ್ಯಾಸ ಬೇರೆ. ಅಲಂಕಾರಕ್ಕೆ ಹಣ ಕೊಡಲು ಮನಸ್ಸಿರುವವರು, ನಾಲ್ಕು ತುತ್ತಿಗೆ ತೃಪ್ತರಾಗುವವರು ಹೆದ್ದಾರಿಯ ಕಡೆ ಹೋಗಲಿ.

ಬರುವ ತಿಂಗಳು ಯಜಮಾನರ ಕಚೇರಿಯ ಬೀಳ್ಕೊಡುಗೆ ಊಟ ಆ ದೊಡ್ಡ ಹೋಟೆಲಿನಲ್ಲೇ ಇದೆಯಂತೆ. ನಾನೂ ಹೋಗುತ್ತೇನೆ, ಮನೆಯಲ್ಲಿ ಎರಡು ಬಿಸಿ ರೊಟ್ಟಿ ತಿಂದು.